ಪಾಸ್‌ಪೋರ್ಟಿಗೆ ಹಚ್ಚಿದ ಕುಂಕುಮ

ಹಾನಗಲ್ಲಿನ ಪೇಟೆಯಲ್ಲಿ ನನ್ನದು ಬೀಜ-ಗೊಬ್ಬರದ ಅಂಗಡಿ. ಗೋವಿನಜೋಳ, ಹತ್ತಿ, ಭತ್ತ, ಅದರ ಜೊತೆಗೆ ಹುಳಕ್ಕೆ ಹೊಡೆಯುವ ಔಷಧ. ನಮ್ಮಂಥ ಅಂಗಡಿಕಾರರಿಗೆ ಬೀಜದ ಕಂಪನಿಗಳು ವರ್ಷಕ್ಕೊಂದು ಗುರಿ ಕೊಡುತ್ತವೆ. ಗುರಿ ಮುಟ್ಟಿದವರನ್ನು ಹೊರದೇಶಕ್ಕೆ ಕರೆದುಕೊಂಡು ಹೋಗಿ ತಿರುಗಾಡಿಸಿ ತರುತ್ತವೆ. ಊರಲ್ಲಿ ಇದಕ್ಕೆ ಕಂಪನಿ ಟೂರು ಎಂದು ಹೆಸರು. ಟೂರಿಗೆ ಹೋಗಿ ಬಂದವನ ಅಂಗಡಿಗೆ ಒಂದು ತೂಕವೇ ಬೇರೆ. ಸಮುದ್ರದ ದಂಡೆಯಲ್ಲಿ ಕರಿ ಕನ್ನಡಕ ಹಾಕಿಕೊಂಡು ನಿಂತ ಅವನ ಫೋಟೋ ಗಲ್ಲಾದ ಹಿಂದೆ ತೂಗುತ್ತಿರುತ್ತದೆ. ಬೀಜಕ್ಕೆ ಬಂದ ರೈತ ಅದನ್ನೂ ಒಮ್ಮೆ ನೋಡಿ ಹೋಗುತ್ತಾನೆ. ನನ್ನ ಗಲ್ಲಾದ ಹಿಂದೆ ಬಹಳ ವರ್ಷ ಬರೀ ಸುಣ್ಣದ ಗೋಡೆ ಇತ್ತು. ಯಾರಿಗೂ ಹೇಳಿಕೊಳ್ಳದಿದ್ದರೂ ಅದು ನನ್ನ ಕಣ್ಣಿಗೆ ಚುಚ್ಚುತ್ತಿತ್ತು.

ಕೊನೆಗೊಂದು ವರ್ಷ ನಾನೂ ಗುರಿ ಮುಟ್ಟಿದೆ. ನಮ್ಮ ಭಾಗದಿಂದ ಹೊರಟವರು ನಾಲ್ವರು. ಹಾನಗಲ್ಲಿನಿಂದ ನಾನು, ಶಿಗ್ಗಾವಿಯಿಂದ ಮಾತು ಕಡಿಮೆಯ ಗೃಹಸ್ಥರೊಬ್ಬರು, ಸವಣೂರಿನಿಂದ ಒಬ್ಬರು, ಹಿರೇಕೆರೂರಿನಿಂದ ಇನ್ನೊಬ್ಬ. ಸವಣೂರಿನವರು ನಮ್ಮೆಲ್ಲರಿಗಿಂತ ಹಿರಿಯರು, ಮಕ್ಕಾಕ್ಕೆ ಹೋಗಿ ಉಮ್ರಾ ಮುಗಿಸಿ ಬಂದವರು. ಅವರನ್ನು ನಾವು ಚಾಚಾ ಎನ್ನುತ್ತಿದ್ದೆವು. ಹಿರೇಕೆರೂರಿನವನು ನನ್ನ ವಾರಿಗೆಯವನು, ನನ್ನ ಅಕ್ಕನ ಮನೆಯಿರುವ ಓಣಿಯವನೇ. ಬಾಯಿ ತೆರೆದರೆ ಚೇಷ್ಟೆ. ಕಂಪನಿಯವರು ನಮ್ಮನ್ನು ಕರೆದೊಯ್ಯುವ ಜಾಗ ಬಾಲಿ.

ಕಂಪನಿಯಿಂದ ಫೋನಿಗೆ ಬಂದ ಸೂಚನೆಗಳೆಲ್ಲ ಇಂಗ್ಲಿಷಿನಲ್ಲಿದ್ದವು. ನಾಲ್ವರಲ್ಲಿ ಧಾರವಾಡಕ್ಕೆ ಹೋಗಿ ಬಿ.ಎ. ಓದಿದವನು ನಾನೊಬ್ಬನೇ. ಯಾರೂ ಹೇಳದಿದ್ದರೂ ನಾನೇ ಮುಂದಾಳಾದೆ. ಒಂದು ಭಾನುವಾರ ಎಲ್ಲರನ್ನೂ ಪಾಸ್‌ಪೋರ್ಟು ಸಮೇತ ನನ್ನ ಅಂಗಡಿಗೆ ಕರೆಸಿದೆ. ಗೊಬ್ಬರದ ಚೀಲಗಳ ಮೇಲೆ ಅವರನ್ನು ಕೂರಿಸಿ, ನಾನು ಗಲ್ಲಾದ ಹಿಂದೆ ನಿಂತು ಪಾಠ ಹೇಳಿದೆ. ಅಲ್ಲಿ ಇಳಿಯುವ ದಿನದಿಂದ ಮುಂದೆ ಆರು ತಿಂಗಳು ಪಾಸ್‌ಪೋರ್ಟಿಗೆ ಅವಧಿ ಇರಲೇಬೇಕು. ವಾಪಸು ಬರುವ ಟಿಕೆಟ್ಟು ಕೈಯಲ್ಲಿರಬೇಕು, ಇಳಿದುಕೊಳ್ಳುವ ಹೋಟೆಲಿನ ಕಾಗದ ಇರಬೇಕು. ವೀಸಾ ಅಲ್ಲೇ ಇಳಿದ ಮೇಲೂ ಸಿಗುತ್ತದೆ, ಆದರೆ ಮೊದಲೇ ಫೋನಿನಲ್ಲಿ ಮಾಡಿಸಿಕೊಂಡರೆ ಸಾಲಿನಲ್ಲಿ ನಿಲ್ಲುವುದು ತಪ್ಪುತ್ತದೆ. ಸಕ್ಕರೆ ಕಾಯಿಲೆಯ ಗುಳಿಗೆ ಒಯ್ಯುವವರು ಡಾಕ್ಟರ ಚೀಟಿ ಇಟ್ಟುಕೊಳ್ಳಬೇಕು. ಇಷ್ಟೂ ಹೇಳಿ ಪಾಸ್‌ಪೋರ್ಟೊಂದನ್ನು ಎತ್ತಿ ಹಿಡಿದು, "ಇದು ನಿಮ್ಮ ಸ್ವತ್ತಲ್ಲ, ಸರಕಾರದ್ದು. ಹರೀಬಾರ್ದು, ಬರೀಬಾರ್ದು, ಹೊಲಸ ಮಾಡಬಾರ್ದು," ಎಂದೆ.

ಹಿರೇಕೆರೂರಿನವನ ಪಾಸ್‌ಪೋರ್ಟು ತೆರೆದು ನೋಡಿದರೆ ಅವಧಿ ಮುಗಿಯಲು ಬಂದಿತ್ತು. ನನಗೆ ಇಂಥ ಸಂದರ್ಭವೇ ಬೇಕಾಗಿತ್ತು.

"ಆರು ತಿಂಗಳಿಗೆ ಕಮ್ಮಿ ಐತಿ. ನಿನ್ನ ವಿಮಾನಾನ ಹತ್ತಸಂಗಿಲ್ಲ, ತಿಳೀತ?"

"ಇನ್ನೂ ನಾಕ ತಿಂಗ್ಳ ಐತೆಲ್ಲೋ ಮಾರಾಯಾ! ನಾವು ಅಲ್ಲಿ ಇರೂದ ಐದ ದಿನ. ನಾ ಏನ್ ಅಲ್ಲೇ ಹೊಲಾ ಮಾಡಾಕ ಹೊಂಟೇನೇನ?"

"ಅದು ಅವರ ಕಾನೂನು. ನಿನ್ನ ಹೊಲದ ಬದು ಅಲ್ಲ, ಬೇಕಾದಂಗ ಸರಸಾಕ."

ಚಾಚಾ ನಕ್ಕರು. ಶಿಗ್ಗಾವಿಯವರೂ ನಕ್ಕರು. ಪಾಪ, ಅವನು ತುರ್ತು ಅರ್ಜಿ ಹಾಕಿ ಹೊಸ ಪಾಸ್‌ಪೋರ್ಟು ಮಾಡಿಸಿಕೊಂಡ. ನಾನು ಮಾತ್ರ ಅದೇ ಕತೆಯನ್ನು ಅಂಗಡಿಗೆ ಬಂದವರಿಗೆಲ್ಲ ಹೇಳಿದೆ. ನಾನಿಲ್ಲದಿದ್ದರೆ ಅವನು ವಿಮಾನ ನಿಲ್ದಾಣದಿಂದ ಮುಖಕ್ಕೆ ಮಸಿ ಬಳಿದುಕೊಂಡು ವಾಪಸು ಬರುತ್ತಿದ್ದ ಎಂದು ಎಷ್ಟು ಸಲ ಹೇಳಿದೆನೋ. ಈಗ ನೆನಪಾದರೆ ಕಿವಿ ಬಿಸಿಯಾಗುತ್ತವೆ.

ಹೊರಡುವ ದಿನದ ಮಾತು ಹೇಳುವ ಮೊದಲು ಅವ್ವನ ಮಾತು ಹೇಳಬೇಕು. ಅಂಗಡಿ ಹಾಕಿದ್ದು ಅಪ್ಪ. ಅಪ್ಪ ಇದ್ದಾಗ ಪ್ರತಿ ವರ್ಷ ದೀಪಾವಳಿ ಪಾಡ್ಯದ ದಿನ ಅಂಗಡಿಯ ಪೂಜೆ ಅವ್ವನ ಕೈಯಿಂದಲೇ ಆಗುತ್ತಿತ್ತು. ಅರಿಷಿಣ ಕುಂಕುಮವನ್ನು ನೀರಿನಲ್ಲಿ ಕಲಸಿ ತಕ್ಕಡಿಗೆ ಹಚ್ಚುವಳು, ಬಾಗಿಲಿಗೆ ಹಚ್ಚುವಳು, ಲೆಕ್ಕ ಬರೆಯುವ ಹೊಸ ಕೀರ್ದಿ ಪುಸ್ತಕದ ಮೊದಲ ಹಾಳೆ ತೆರೆದು ಅಲ್ಲಿಯೂ ಹಚ್ಚುವಳು. ಅಪ್ಪ ತೀರಿಕೊಂಡ ಮೇಲೆ ಅವ್ವ ತಾನಾಗಿಯೇ ಹಿಂದೆ ಸರಿದಳು. ಯಾರೂ ಬಾಯಿಬಿಟ್ಟು ಬೇಡ ಎನ್ನಲಿಲ್ಲ. ಹೇಳುವ ಅಗತ್ಯವೇ ಬೀಳದಂತೆ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಲ್ಲತೊಡಗಿದಳು. ಮದುವೆಗೆ ಹೋದರೆ ಅಕ್ಕಿಕಾಳು ಹಾಕಿ ಮೂಲೆ ಸೇರುವಳು. ಮನೆಯಿಂದ ಯಾರಾದರೂ ಊರಿಗೆ ಹೊರಟರೆ ಅವರು ಓಣಿ ದಾಟುವವರೆಗೆ ಒಳಗೇ ಇರುವಳು. ಎದುರಿಗೆ ಬರಬಾರದು ಎಂದು.

ಇದನ್ನು ನೋಡಿ ನೋಡಿ ನನಗೆ ಸಿಟ್ಟು. ಸಿಟ್ಟು ಬಂದರೂ ವರ್ಷಗಟ್ಟಲೆ ಏನೂ ಮಾಡಿರಲಿಲ್ಲ, ಅದು ಬೇರೆ ಮಾತು. ಬಾಲಿಗೆ ಹೊರಡುವ ಬೆಳಿಗ್ಗೆ ಮಾತ್ರ ಹಟ ಹಿಡಿದೆ. ಹೆಂಡತಿ ಕುಂಕುಮದ ಬಟ್ಟಲು ತಂದಳು. ಎದುರು ಮನೆಯ ಚಿಗವ್ವ ಸೇರಿದಂತೆ ಓಣಿಯ ನಾಲ್ಕು ಜನ ಬಾಗಿಲಲ್ಲಿ ಸೇರಿದ್ದರು. ನಾನು ಒಳಗೆ ಹೋಗಿ ಅವ್ವನ ಕೈ ಹಿಡಿದು ಹೊರಗೆ ತಂದೆ.

"ಬ್ಯಾಡಪಾ. ಸೊಸಿ ಅದಾಳ, ಆಕಿ ಹಚ್ಚಲಿ," ಎಂದಳು ಅವ್ವ, ಪಿಸುದನಿಯಲ್ಲಿ.

"ನೀನ ಹಚ್ಚಬೇಕು. ಇಲ್ಲಂದ್ರ ನಾ ಹೋಗಂಗಿಲ್ಲ," ಎಂದೆ ನಾನು, ಚಿಗವ್ವನ ಕಿವಿಗೂ ಬೀಳುವಂತೆ.

ಅವ್ವ ಕೈ ತೊಳೆದುಕೊಂಡು ಬಂದಳು. ನನ್ನ ಹಣೆಗೆ ಹಚ್ಚಿದಳು. ಬಾಗಿಲಲ್ಲಿ ನಿಂತವರು ಯಾರೂ ಏನೂ ಅನ್ನಲಿಲ್ಲ ಎಂದು ಗೊತ್ತಾದ ಮೇಲೆ ಅವಳ ಮುಖ ಸಡಿಲವಾಯಿತು. "ನಿನ್ನ ಆ ಪುಸ್ತಕ ಕೊಡಿಲ್ಲೆ," ಎಂದಳು. ಪಾಸ್‌ಪೋರ್ಟು ಕೊಟ್ಟೆ. ಅದನ್ನು ದೇವರ ಜಗಲಿಯ ಮುಂದೆ ಒಯ್ದು ಕೂತಳು. ಅಷ್ಟರಲ್ಲಿ ನನಗೆ ಹಿರೇಕೆರೂರಿನವನ ಫೋನು ಬಂತು, ಹಾವೇರಿಯಲ್ಲಿ ಕಾರು ಎಲ್ಲಿ ನಿಲ್ಲಿಸಬೇಕೆಂದು. ನಾನು ಬೂಟಿನ ದಾರ ಕಟ್ಟುತ್ತ ಅವನಿಗೆ ಗದರುತ್ತಿದ್ದೆ. ಅವ್ವ ಪಾಸ್‌ಪೋರ್ಟನ್ನು ತಂದು ನನ್ನ ಅಂಗಿಯ ಕಿಸೆಗೆ ತಾನೇ ಇಟ್ಟಳು. ಮೇಲಿನ ರಟ್ಟಿನ ಮೇಲೊಂದು ಸಣ್ಣ ಬೊಟ್ಟು ಕಂಡಿತ್ತು. ನನಗೆ ಅದು ಚಂದ ಅನ್ನಿಸಿತು. ಕಾರು ಹತ್ತುವಾಗ ಅವ್ವ ಹೊಸ್ತಿಲ ಹೊರಗೆ, ಎಲ್ಲರ ಮುಂದೆ ನಿಂತು ಕೈ ಎತ್ತಿದಳು. ಆ ನೋಟಕ್ಕೆ ನನಗೆ ಕಣ್ಣು ತುಂಬಿ ಬಂದವು. ಅವ್ವನಿಗೆ ನ್ಯಾಯ ಕೊಡಿಸಿದೆ ಎಂಬ ಜಂಭವೂ ಅದರಲ್ಲಿ ಬೆರೆತಿತ್ತು.

ಹಾವೇರಿಯಲ್ಲಿ ನಾಲ್ವರೂ ಕೂಡಿ ಒಂದೇ ಕಾರಿನಲ್ಲಿ ಬೆಂಗಳೂರಿಗೆ ಹೊರಟೆವು. ಬೆವರು ತಾಗದಿರಲೆಂದು ಚಾಚಾ ಎಲ್ಲರಿಗೂ ಪ್ಲಾಸ್ಟಿಕ್ಕಿನ ಸಣ್ಣ ಚೀಲ ತಂದಿದ್ದರು. ಪಾಸ್‌ಪೋರ್ಟು ಅದರಲ್ಲಿಟ್ಟು ಗಟ್ಟಿಯಾಗಿ ಮುಚ್ಚಿದೆ. ದಾರಿಯುದ್ದಕ್ಕೂ ಅದು ನನ್ನ ಎದೆಗೆ ಒತ್ತಿಕೊಂಡೇ ಇತ್ತು. ಒಳಗೆ ಹಸಿ ಇದೆ ಎಂದು ನನಗೇನು ಕನಸೇ?

ವಿಮಾನ ನಿಲ್ದಾಣದ ಕೌಂಟರಿನಲ್ಲಿ ಸಾಲಿನ ಮೊದಲಿಗೆ ನಿಂತವನು ನಾನೇ. ಹೆಂಗೆ ಮಾತಾಡಬೇಕು ನೋಡಿಕೊಳ್ಳಿ ಎಂದು ಉಳಿದವರಿಗೆ ಹೇಳಿದ್ದೆ. ಕೌಂಟರಿನ ಹುಡುಗಿ ಪಾಸ್‌ಪೋರ್ಟು ತೆರೆಯಲು ನೋಡಿದಳು. ಮೊದಲ ಹಾಳೆಗಳು ಬಿಚ್ಚಲಿಲ್ಲ. ಉಗುರು ಹಾಕಿ ಎಬ್ಬಿಸಿದಾಗ ಚರ್ ಎಂದು ಸಪ್ಪಳವಾಯಿತು. ಕೀರ್ದಿ ಪುಸ್ತಕಕ್ಕೆ ಹಚ್ಚುವಂತೆಯೇ ಅವ್ವ ಒಳಗಿನ ಮೊದಲ ಹಾಳೆ ತೆರೆದು ಅರಿಷಿಣ, ಅದರ ಮೇಲೆ ಕುಂಕುಮ ಹಚ್ಚಿ ಮುಚ್ಚಿದ್ದಳು. ಅದು ಎದುರಿನ ಹಾಳೆಗೆ, ನನ್ನ ಫೋಟೋದ ಮೇಲೆ, ಅದರ ಕೆಳಗಿನ ಯಂತ್ರ ಓದುವ ಸಾಲುಗಳ ಮೇಲೆ ಇಳಿದು ಅಂಟಿಕೊಂಡಿತ್ತು. ಬಿಡಿಸಿದಾಗ ಕಾಗದದ ಮೇಲ್ಪದರವೂ ಒಂದಿಷ್ಟು ಕಿತ್ತು ಬಂತು.

ಹುಡುಗಿ ಅದನ್ನು ಯಂತ್ರಕ್ಕೆ ಒತ್ತಿದಳು. ಒರೆಸಿ ಮತ್ತೆ ಒತ್ತಿದಳು. ಯಾರನ್ನೋ ಕರೆದಳು. ಬಂದ ಅಧಿಕಾರಿ ಹಾಳೆ ತಿರುವಿ ನೋಡಿ, ಬಹಳ ಮರ್ಯಾದೆಯಿಂದ ಹೇಳಿದ: "ಸರ್, ಪಾಸ್‌ಪೋರ್ಟ್ ಡ್ಯಾಮೇಜ್ ಆಗಿದೆ. ಅಲ್ಲಿಯವರು ಇದನ್ನ ಒಪ್ಪಲ್ಲ. ನಿಮ್ಮನ್ನ ಕಳಿಸಿದ್ರೆ ಅಲ್ಲಿಂದಲೇ ವಾಪಸ್ ಕಳಿಸ್ತಾರೆ. ನಾವು ಹತ್ತಿಸೋಕಾಗಲ್ಲ."

ನಾನು ಬಿ.ಎ. ಓದಿದವನು ಎಂಬುದು ಆ ಕ್ಷಣಕ್ಕೆ ಮರೆತುಹೋಯಿತು. "ಇದು ಹೊಲಸಲ್ಲರೀ, ದೇವರ ಕುಂಕುಮರೀ," ಎಂದೆ. ಬೆರಳಿಗೆ ಉಗುಳು ಹಚ್ಚಿ ಉಜ್ಜಿದೆ. ಅರಿಷಿಣಕ್ಕೆ ಕುಂಕುಮ ಕೂಡಿ ನನ್ನ ಫೋಟೋದ ಗದ್ದ, ಕೊರಳು ಎಲ್ಲ ಕೆಂಪಾಯಿತು. ಹಿಂದೆ ಸಾಲಿನಲ್ಲಿದ್ದ ಒಂದು ಮಗು ಜೋರಾಗಿ ನಕ್ಕಿತು. ಅದರ ತಾಯಿ ಬಾಯಿ ಮುಚ್ಚಿಸಿದಳು. ಮಗು ನಕ್ಕದ್ದಕ್ಕಿಂತ ಆ ತಾಯಿ ಬಾಯಿ ಮುಚ್ಚಿಸಿದ್ದೇ ನನಗೆ ಹೆಚ್ಚು ಅವಮಾನವಾಯಿತು. ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸುವುದು ಎಂದರೇನು ಎಂದು ಅವತ್ತು ತಿಳಿಯಿತು. ಆರು ತಿಂಗಳು, ವಾಪಸು ಟಿಕೆಟ್ಟು, ಹೋಟೆಲಿನ ಕಾಗದ ಎಲ್ಲ ನನ್ನ ಕೈಯಲ್ಲಿದ್ದವು. ಒಂದಕ್ಕೂ ಬೆಲೆ ಇರಲಿಲ್ಲ.

ಮೂವರೂ ಸಾಲು ಬಿಟ್ಟು ನನ್ನ ಸುತ್ತ ಬಂದರು. "ನೀವು ಬರಂಗಿಲ್ಲಂದ್ರ ನಾವೂ ಹೋಗಂಗಿಲ್ರಿ," ಎಂದರು ಚಾಚಾ. ಶಿಗ್ಗಾವಿಯವರು ನನ್ನ ಬ್ಯಾಗನ್ನು ಸುಮ್ಮನೆ ತಮ್ಮ ಕೈಗೆ ತೆಗೆದುಕೊಂಡರು. ಹಿರೇಕೆರೂರಿನವನು ಏನಾದರೂ ಚೇಷ್ಟೆ ಮಾಡುತ್ತಾನೆಂದು ಕಾದೆ. ಅವನು ತಲೆ ತಗ್ಗಿಸಿ ನಿಂತಿದ್ದ. ಅವನು ನಕ್ಕುಬಿಟ್ಟಿದ್ದರೆ ನನಗೆ ಹಗುರಾಗುತ್ತಿತ್ತು.

ಅವರನ್ನು ಬೈದು ಕಳಿಸಿದೆ. ಕಳಿಸುವ ಮೊದಲು ಒಂದು ಮಾತು ಕೇಳಿಕೊಂಡೆ. "ಊರಾಗ ಯಾರರ ಮುಂದ ಈ ಕುಂಕುಮದ ಸುದ್ದಿ ತಗೀಬ್ಯಾಡ್ರಿ. ನನ್ನ ಪಾಸ್‌ಪೋರ್ಟಿಗೆ ಆರು ತಿಂಗಳ ಅವಧಿ ಇರಲಿಲ್ಲ ಅಂತ ಹೇಳ್ರಿ."

"ಆರು ತಿಂಗ್ಳಾ?" ಎಂದ ಹಿರೇಕೆರೂರಿನವನು. "ಮಂದಿ ನಿನ್ನ ಜೀವಂತ ಬಿಡಂಗಿಲ್ಲೋ!"

"ಬಿಡದಿದ್ರ ಬಿಡಲಿ. ಅವ್ವ ಹಚ್ಚಿದ್ದಕ್ಕ ಹಿಂಗಾತು ಅಂತ ಓಣ್ಯಾಗ ಒಬ್ಬರ ಬಾಯಾಗ ಬಂತಂದ್ರ, ಆಕಿ ಮತ್ತ ಜನ್ಮದಾಗ ಹೊಸ್ತಿಲ ದಾಟಂಗಿಲ್ಲ."

ಮೂವರಿಗೂ ಅರ್ಥವಾಯಿತು. ಚಾಚಾ ನನ್ನ ಹೆಗಲ ಮೇಲೆ ಕೈ ಇಟ್ಟು, "ಆತು ಬಿಡ್ರಿ, ಸತ್ರೂ ಹೇಳಂಗಿಲ್ಲ," ಎಂದರು. ಅವರು ಮಾತು ಉಳಿಸಿಕೊಂಡರು.

ಮರುದಿನ ಬಸ್ಸಿನಿಂದ ಹಾನಗಲ್ಲಿನಲ್ಲಿ ಇಳಿದಾಗ ಪೇಟೆ ತೆರೆಯುವ ಹೊತ್ತು. ಇದಕ್ಕಿಂತ ಕೆಟ್ಟ ಹೊತ್ತು ಇನ್ನೊಂದಿಲ್ಲ. ನನ್ನ ಗೆಳೆಯರು ಬಸ್ ನಿಲ್ದಾಣದ ಹತ್ತಿರ ನನ್ನ ಫೋಟೋ ಹಾಕಿ ಶುಭಾಶಯದ ಫ್ಲೆಕ್ಸ್ ಕಟ್ಟಿಸಿದ್ದರು, ನನ್ನ ತಲೆಯ ಪಕ್ಕದಲ್ಲೊಂದು ವಿಮಾನ. ಅದರ ಕೆಳಗೇ ಬ್ಯಾಗು ಎಳೆದುಕೊಂಡು ಹೋಗಬೇಕಾಯಿತು. ಚಹಾದಂಗಡಿಯಿಂದ ಒಂದು ದನಿ ಬಂತು: "ಏನ್ರೀ ಸಾವ್ಕಾರ್ರ, ಬಾಲಿ ಇಷ್ಟ ಸಮೀಪ ಐತ್ರೀ?" ಕೇಳದವನಂತೆ ನಡೆದೆ. ಬ್ಯಾಗಿನ ಗಾಲಿ ಮಾತ್ರ ಗಡಗಡ ಎಂದು ನಾನು ಬಂದ ಸುದ್ದಿಯನ್ನು ಓಣಿಗೆಲ್ಲ ಸಾರಿತು.

ಅವ್ವ ಕಟ್ಟೆಯ ಮೇಲಿದ್ದಳು. ನನ್ನನ್ನು ಕಂಡದ್ದೇ ಎದ್ದು ನಿಂತಳು. ಎದುರು ಮನೆಯ ಚಿಗವ್ವ ಕಸಬರಿಗೆ ಕೈಯಲ್ಲಿ ಹಿಡಿದೇ ಬಂದಳು. ನಾನು ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡಿದ್ದನ್ನು ಒಪ್ಪಿಸಿದೆ. ಪಾಸ್‌ಪೋರ್ಟಿನ ಅವಧಿ ಸಾಲಲಿಲ್ಲ, ತಪ್ಪು ನನ್ನದೇ, ನೋಡಿಕೊಳ್ಳಲಿಲ್ಲ.

"ಅವಧಿ ಅಂದ್ರ?" ಎಂದಳು ಅವ್ವ.

"ಔಷಧದ ಬಾಟ್ಲಿ ಮ್ಯಾಲ ಕಡೀ ತಾರೀಖ ಇರ್ತೈತೆಲ್ಲವಾ, ಹಂಗ. ತಾರೀಖ ಸಮೀಪ ಬಂದಿತ್ತು, ನಾ ನೋಡಲಿಲ್ಲ."

ಅವ್ವ ನನ್ನ ಮುಖವನ್ನೇ ನೋಡುತ್ತ ನಿಂತಳು. "ಊರ ಮಂದೀಗೆಲ್ಲ ಹೇಳಾಂವ, ನಿಂದ ನೀ ನೋಡ್ಕೊಳ್ಳಲಿಲ್ಲ?" ಎಂದು ಕೇಳಿ ಒಳಗೆ ಹೋದಳು. ಚಿಗವ್ವ ಮಾತ್ರ ನಿಂತಲ್ಲೇ, "ಹೋಗೋಮುಂದ ಏನ್ ಎದುರಾಗಿತ್ತೋ ಏನೋ," ಎಂದಳು. "ಏನೂ ಎದುರಾಗಿಲ್ಲ, ನನ್ನ ತಲ್ಯಾಗ ಸಗಣಿ ತುಂಬಿತ್ತು ಅಷ್ಟ," ಎಂದು ಒದರಿದೆ. ಅವಳು ಹೆದರಿ ಮನೆ ಸೇರಿದಳು. ನಾನು ಗೆದ್ದೆ ಎಂದುಕೊಂಡೆ.

ಹೆಂಡತಿಗೆ ಮಾತ್ರ ನಿಜ ಹೇಳಿ, ಕೆಂಪು ಹಿಡಿದ ಪಾಸ್‌ಪೋರ್ಟು ತೋರಿಸಿದೆ. ಅವಳು ಅದನ್ನು ನೋಡಿ, "ಅತ್ತಿಯವರಿಗೆ ಹೇಳಿಬಿಡ್ರಿ. ನೀರ ಜಾಸ್ತಿ ಆಗೇತಿ ಅಷ್ಟ. ಇದರಾಗ ಮುಚ್ಚಿಡಾಕ ಏನೈತಿ?" ಎಂದಳು. "ನಿನಗ ತಿಳಿಯಂಗಿಲ್ಲ," ಎಂದು ಬಾಯಿ ಮುಚ್ಚಿಸಿದೆ. ಅಪ್ಪನ ಕಾಲದಿಂದ ಅವ್ವನನ್ನು ಬಲ್ಲವನು ನಾನು, ನಿನ್ನೆ ಮೊನ್ನೆ ಬಂದ ಇವಳು ನನಗೆ ಬುದ್ಧಿ ಹೇಳುವುದೇ ಎಂಬ ಭಾವ. ಮದುವೆಯಾಗಿ ಮಕ್ಕಳು ಕಾಲೇಜಿಗೆ ಹೋಗುತ್ತಿದ್ದರೂ ಅವಳು ನನಗೆ ನಿನ್ನೆ ಮೊನ್ನೆ ಬಂದವಳು.

ಆಮೇಲಿನ ದಿನಗಳಲ್ಲಿ ಪೇಟೆ ನನ್ನನ್ನು ಹಣ್ಣುಗಾಯಿ ಮಾಡಿತು. ಔಷಧ ಕೊಂಡ ರೈತರು ಬಾಟಲಿ ತಿರುಗಿಸಿ, "ಆರ ತಿಂಗ್ಳ ಐತಿಲ್ರೀ ಸಾವ್ಕಾರ್ರ?" ಎಂದು ಕೇಳಿ ನಗುತ್ತಿದ್ದರು. ಬಾಲಿಯಿಂದ ಬಂದ ಮೇಲೆ ಹಿರೇಕೆರೂರಿನವನು ಕೊಟ್ಟ ಮಾತಿಗೆ ತಪ್ಪದೆ ನನ್ನ ಸುಳ್ಳನ್ನೇ ಸಾರಿದ. ಸಾರುವ ಉತ್ಸಾಹದಲ್ಲಿ ಅದಕ್ಕೆ ರೆಕ್ಕೆಪುಕ್ಕವನ್ನೂ ಕಟ್ಟಿದ. ನಾನು ಅಧಿಕಾರಿಯ ಕಾಲು ಹಿಡಿದೆನಂತೆ, ಅವರು ನನ್ನನ್ನು ಎತ್ತಿ ನಿಲ್ಲಿಸಿದರಂತೆ. ಮುಖ ಎತ್ತಲು ಆಗುತ್ತಿರಲಿಲ್ಲ. ಆದರೂ ಒಳಗೊಂದು ಸಮಾಧಾನ ಇತ್ತು. ನಾಚಿಕೆಯೆಲ್ಲ ನನ್ನ ಪಾಲಿಗೆ ಬಂದಿದೆ, ಅವ್ವನ ಮೇಲೆ ಒಂದು ಹನಿಯೂ ಸಿಡಿದಿಲ್ಲ ಎಂದುಕೊಂಡಿದ್ದೆ. ಈ ತ್ಯಾಗದ ರುಚಿ ನನಗೆ ಹತ್ತಿತ್ತು ಎಂದೇ ಹೇಳಬೇಕು.

ಆ ಚಳಿಗಾಲದಲ್ಲಿ ಹಿರೇಕೆರೂರಿನ ಅಕ್ಕನ ಮನೆಯಲ್ಲಿ ಅವಳ ಮಗಳ ಕುಬಸ ಇಟ್ಟುಕೊಂಡರು. ಚೊಚ್ಚಲ ಬಸಿರು. ಆ ಹುಡುಗಿ ಚಿಕ್ಕವಳಿದ್ದಾಗ ಹೆಚ್ಚು ಬೆಳೆದದ್ದು ನಮ್ಮ ಮನೆಯಲ್ಲಿ, ಅವ್ವನ ಮಗ್ಗುಲಲ್ಲಿ. ಸುದ್ದಿ ಬಂದಾಗಿನಿಂದ ಅವ್ವ ಹಸಿರು ಸೀರೆ ಆರಿಸಿ ತರಿಸಿದ್ದಳು, ಹುಡುಗಿಗೆ ಇಷ್ಟವೆಂದು ಕರ್ಚಿಕಾಯಿ ಕರಿದು ಡಬ್ಬಿ ತುಂಬಿದ್ದಳು. ಹೊರಡುವ ಬೆಳಿಗ್ಗೆ ಕಾರು ಬಂದು ನಿಂತ ಮೇಲೆ, "ಮೊಣಕಾಲ ಹಿಡದಾವಪಾ, ಮೆಟ್ಟಲ ಹತ್ತಾಕ ಆಗಂಗಿಲ್ಲ. ನೀವ ಹೋಗಿ ಬರ್ರಿ," ಎಂದಳು. ಕಾಲಿಗೆ ಎಣ್ಣೆ ಹಚ್ಚಿಕೊಂಡು ಕೂತೇ ಇದ್ದಳು. ನಾನು ಒಂದೆರಡು ಸಲ ಕರೆದೆ, ಹೊತ್ತಾಗುತ್ತದೆ ಎಂದು ಬಿಟ್ಟು ಹೊರಟೆ.

ಅಲ್ಲಿ ಅಕ್ಕ ನಮ್ಮನ್ನು ಇಳಿಸಿಕೊಂಡು ಕಾರಿನ ಒಳಗೆ ಬಗ್ಗಿ ನೋಡಿದಳು. "ಅವ್ವ ಎಲ್ಲಿ?" ಎಂದಳು. ಮೊಣಕಾಲಿನ ಮಾತು ಹೇಳಿದೆ. ಹಸಿರು ಸೀರೆ ಉಟ್ಟ ಹುಡುಗಿ ಮಣೆಯ ಮೇಲೆ ಕೂತು, ಹೆಂಗಸರು ಉಡಿ ತುಂಬುತ್ತಿರುವಾಗಲೂ ಬಾಗಿಲ ಕಡೆಗೇ ನೋಡುತ್ತಿದ್ದಳು. ಹೊರಗೆ ಪಡಸಾಲೆಯಲ್ಲಿ ಅದೇ ಓಣಿಯ ನನ್ನ ಚೇಷ್ಟೆಯ ಗೆಳೆಯ ನೆಂಟರಿಗೆಲ್ಲ ಆರು ತಿಂಗಳ ಕತೆ ಹೇಳಿ ನಗಿಸುತ್ತಿದ್ದ. ನಾನು ಊಟ ಅರ್ಧಕ್ಕೆ ಬಿಟ್ಟು ಕೈ ತೊಳೆದೆ.

ಹಾಳಾದ ಪಾಸ್‌ಪೋರ್ಟಿನ ಬದಲಿಗೆ ಹೊಸದು ಬೇಕೆಂದು ಅರ್ಜಿ ಹಾಕಿದ್ದೆ. ಹೇಗೆ ಹಾಳಾಯಿತೆಂದು ಅಲ್ಲಿಯೂ ಕೇಳಿದರು. ಅಲ್ಲಿ ಮಾತ್ರ ನಿಜ ಬರೆದುಕೊಟ್ಟೆ. ಹಳೆಯದನ್ನು ರದ್ದು ಮಾಡಿ ನನ್ನ ಕೈಗೇ ವಾಪಸು ಕೊಟ್ಟರು. ಹೊಸದನ್ನು ಟಪಾಲಿನವನು ತಂದುಕೊಟ್ಟಾಗ ಅವ್ವ ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಸಂತೋಷದಿಂದ ಅವಳ ಮುಂದೆ ಹಿಡಿದೆ.

"ನೋಡವಾ, ಹೊಸಾದು ಬಂತು. ಈ ಸಲ ಗುರಿ ಮುಟ್ಟಿದ್ರ ಹೋಗಾಕ ಅಡ್ಡಿಯಿಲ್ಲ."

ಅವ್ವ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. "ದೂರ ಹಿಡಿ," ಎಂದಳು. "ಮತ್ತ ನೀ ಹೊರಡೋದಿದ್ರ ನನಗ ಮೊದ್ಲ ಹೇಳು. ಹಿಂದಿನ ದಿನಾನ ನಾ ಆಡೂರಿಗೆ, ತಂಗಿ ಮನಿಗೆ ಹೋಗಿಬಿಡ್ತೇನಿ."

"ಯಾಕವಾ?"

"ಯಾಕಂದ್ರ? ನಾ ಎದುರಿಗೆ ನಿಂತು ಕಳಿಸಿದ್ದಕ್ಕ ಒಮ್ಮೆ ಆಗಿದ್ದು ಸಾಲದ?"

"ಅವಧಿ ಇರಲಿಲ್ಲ ಅಂತ ಹೇಳಿದ್ನೆಲ್ಲ! ನನ್ನ ತಪ್ಪು ಅದು."

"ತಾರೀಖ ನೋಡದ ಒಂದ ಬಾಟ್ಲಿ ಯಾರಿಗೂ ಕೊಟ್ಟಾಂವಲ್ಲ ನೀ," ಎಂದಳು ಅವ್ವ. "ನಿಮ್ಮಪ್ಪಗೂ ಅಷ್ಟ ನಿಗಾ ಇರಲಿಲ್ಲ. ಅಂಥಾ ನಿನಗ ನಿನ್ನ ಪುಸ್ತಕದ ತಾರೀಖ ಕಾಣಲಿಲ್ಲಂದ್ರ, ಅದು ನನ್ನ ಕೈ ತಾಗಿದ್ದಕ್ಕ. ಮತ್ಯಾತಕ್ಕ?"

ನನ್ನ ಸುಳ್ಳನ್ನು ಅವ್ವ ಪೂರ್ತಿ ನಂಬಿದ್ದಳು. ನಂಬಿದ್ದರಿಂದಲೇ ಅದು ಅವಳ ಕೈ ಕೆಟ್ಟದ್ದು ಎನ್ನುವುದಕ್ಕೆ ಸಾಕ್ಷಿಯಾಗಿ ನಿಂತಿತ್ತು. ನಾನು ಪೇಟೆಯಲ್ಲಿ ತಲೆ ತಗ್ಗಿಸಿ ಅವಳನ್ನು ಕಾಪಾಡುತ್ತಿದ್ದೇನೆ ಎಂದು ಒಳಗೊಳಗೇ ಬೀಗುತ್ತಿದ್ದಾಗ, ಅವಳು ಅದೇ ಕಟ್ಟೆಯ ಮೇಲೆ ಕೂತು ತನ್ನ ಕೈಗಳನ್ನು ಶಪಿಸಿಕೊಳ್ಳುತ್ತಿದ್ದಳು. ಕೌಂಟರಿನ ಮುಂದೆ ನಾಚಿಕೆಯಾಗಿತ್ತು, ಫ್ಲೆಕ್ಸಿನ ಕೆಳಗೆ ನಡೆದಾಗ ಆಗಿತ್ತು. ಅವೆಲ್ಲ ನಾಚಿಕೆಯೇ ಅಲ್ಲ ಎಂದು ಈಗ ತಿಳಿಯಿತು.

ಅಂಗಡಿಗೆ ಹೋಗಿ ಹಳೆಯ ಪಾಸ್‌ಪೋರ್ಟು ತಂದು ಅವಳ ತೊಡೆಯ ಮೇಲೆ ತೆರೆದಿಟ್ಟೆ. ಅರಿಷಿಣ ಕುಂಕುಮ ಮೆತ್ತಿದ ಹಾಳೆ, ಕಿತ್ತುಹೋದ ಪದರ, ನನ್ನ ಕೆಂಪು ಗದ್ದ. ನೀರು ಹೆಚ್ಚಾಗಿ ಹಾಳೆ ಅಂಟಿಕೊಂಡಿತ್ತು, ಕೌಂಟರಿನ ಹುಡುಗಿ ಎಷ್ಟು ಒತ್ತಿದರೂ ಯಂತ್ರಕ್ಕೆ ಓದಲು ಬರಲಿಲ್ಲ, ಕೆಟ್ಟ ಹಾಳೆಯಿದ್ದರೆ ಯಾವ ದೇಶದವರೂ ಒಳಗೆ ಬಿಡುವುದಿಲ್ಲ, ಅದೊಂದು ಕಾಯಿದೆ ಅಷ್ಟೇ ಎಂದು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಅವಧಿಯ ಮಾತು ನಾನು ಕಟ್ಟಿದ್ದು ಎಂದೂ ಹೇಳಿದೆ.

ಅವ್ವ ಹಾಳೆಯ ಮೇಲೆ ಬೆರಳಾಡಿಸಿದಳು.

"ಗಂಡ ಇದ್ದಾಕಿ ಹಚ್ಚಿದ್ರೂ ವಾಪಸ್ ಕಳಸ್ತಿದ್ರ?"

"ಯಾರ ಹಚ್ಚಿದ್ರೂ ಕಳಸ್ತಿದ್ರವಾ. ನಾನ ಹಚ್ಚಿಕೊಂಡಿದ್ರೂ ಕಳಸ್ತಿದ್ರು."

"ಯಾರ ಹಚ್ಚಿದ್ದು ಅಂತ ಆ ಹುಡುಗಿ ಕೇಳಲಿಲ್ಲ?"

"ಇಲ್ಲ. ಆಕಿ ಹಾಳಿ ಅಷ್ಟ ನೋಡಿದ್ಲು."

ಅವ್ವ ಪಾಸ್‌ಪೋರ್ಟು ಮುಚ್ಚಿ ನನ್ನ ಕೈಗೆ ಕೊಟ್ಟಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಮೊರವನ್ನು ಹತ್ತಿರ ಎಳೆದುಕೊಂಡು ಒಂದು ಕಾಯಿ ಸುಲಿದಳು, ಇನ್ನೊಂದನ್ನು ಕೈಯಲ್ಲಿ ಹಿಡಿದು ಹಾಗೇ ಕೂತಳು. ಆಮೇಲೆ ನನ್ನ ಮುಖ ನೋಡಿ, ಸಿಟ್ಟಿಲ್ಲದೆ, ತನಗೆ ನಿಜಕ್ಕೂ ಗೊತ್ತಾಗದವಳಂತೆ ಕೇಳಿದಳು:

"ಹಂಗಾರ, ನನ್ನ ಮೊಮ್ಮಗಳ ಕುಬಸಕ್ಕ ನಾ ಯಾಕ ಹೋಗಲಿಲ್ಲೋ?"